ಇಪ್ಪತ್ತಾರು ಕೆ.ಜಿ. ಚೀಲ ಮತ್ತು ಕೇಪಿನ ಕೋವಿ

ಕಳೆದ ಆಗಸ್ಟ್‌ನಲ್ಲಿ ನಮ್ಮ ತರಗತಿಯಲ್ಲಿ ನಾನು ಒಂದು ಸೆಮಿನಾರ್ ಕೊಟ್ಟಿದ್ದೆ. ವ್ಯವಹಾರ ಅಧ್ಯಯನದಲ್ಲಿ ‘ವ್ಯವಹಾರ ಪರಿಸರ’ ಎಂಬ ಪಾಠ ಇದೆಯಲ್ಲ, ಅದರಲ್ಲಿ ಆರ್ಥಿಕ, ಸಾಮಾಜಿಕ, ತಾಂತ್ರಿಕ, ರಾಜಕೀಯ, ಕಾನೂನು ಎಂದು ಐದು ಆಯಾಮಗಳು ಬರುತ್ತವೆ. ನನ್ನ ಪಾಲಿಗೆ ಬಂದದ್ದು ಕಾನೂನು ಪರಿಸರ. ಹತ್ತಕ್ಕೆ ಒಂಬತ್ತು ಅಂಕ ಬಂತು. ನಮ್ಮ ಕಾಲೇಜು ಪತ್ರಿಕೆಗೆ ಬರೆದುಕೊಡು ಎಂದು ಮೇಡಂ ಅಂದೇ ಹೇಳಿದ್ದರು. ನಾನು ಇಂದು ನಾಳೆ ಎನ್ನುತ್ತಾ ನಾಲ್ಕು ತಿಂಗಳು ತಳ್ಳಿದೆ. ಸೋಮಾರಿತನ ಒಂದು ಕಾರಣ. ಇನ್ನೊಂದು ಕಾರಣ, ಅಂದು ನಾನು ಹೇಳಿದ ಒಂದು ಮಾತು ತಪ್ಪಾಗಿತ್ತು. ಅದು ಅಂಕ ಕಳೆಯುವಂಥ ತಪ್ಪಲ್ಲ, ಕಾನೂನು ಪುಸ್ತಕ ತೆರೆದು ನೋಡಿದರೂ ಸಿಗುವಂಥದ್ದಲ್ಲ. ಏನೆಂದು ಮುಂದೆ ಹೇಳುತ್ತೇನೆ. ಮೊದಲು ಪಾಠ.

ಕಾನೂನು ಪರಿಸರಕ್ಕೆ ಉದಾಹರಣೆ ಕೇಳಿದರೆ ಎಲ್ಲರೂ ಸಿಗರೇಟ್ ಪ್ಯಾಕಿನ ಮೇಲಿನ ಎಚ್ಚರಿಕೆಯನ್ನೇ ಬರೆಯುತ್ತಾರೆ. ಮೇಡಂ ಮೊದಲೇ ಹೇಳಿಬಿಟ್ಟರು: “ಸಿಗರೇಟ್ ಬೇಡ. ನಿಮ್ಮ ಮನೆಯಲ್ಲಿ ಸಿಗುವ ಉದಾಹರಣೆ ತಗೊಂಡು ಬಾ.” ನಮ್ಮ ಮನೆಯಲ್ಲಿ ಸಿಕ್ಕಿದ್ದು ಅಕ್ಕಿ ಚೀಲ.

ಅಬ್ಬಾ ಅವರದ್ದು ಶಿವಮೊಗ್ಗದಲ್ಲಿ ಸಣ್ಣ ಕಿರಾಣಿ ಅಂಗಡಿ. ನಾನು ಚಿಕ್ಕವಳಿದ್ದಾಗ ಅಕ್ಕಿ ಚೀಲ ಎಂದರೆ 25 ಕೆ.ಜಿ. ಈಗ ಬರುವ ಚೀಲಗಳಲ್ಲಿ ಹೆಚ್ಚಿನವು 26 ಕೆ.ಜಿ. ಈ ಒಂದು ಕಿಲೋ ಎಲ್ಲಿಂದ ಬಂತು? 2022ರ ಜುಲೈ 18ರಿಂದ ಜಿಎಸ್‌ಟಿ ನಿಯಮ ಬದಲಾಯಿತು. ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಗೋಧಿ, ಬೇಳೆಯ ಮೂಟೆ 25 ಕೆ.ಜಿ.ವರೆಗೆ ಇದ್ದರೆ ಶೇ. 5 ತೆರಿಗೆ. ಅದಕ್ಕಿಂತ ದೊಡ್ಡ ಮೂಟೆಗೆ ಇಲ್ಲ. ಈಗ ಲೆಕ್ಕ ಮಾಡಿ. ಕಿಲೋಗೆ 60 ರೂಪಾಯಿ ಎಂದಿಟ್ಟುಕೊಂಡರೆ 25 ಕಿಲೋಗೆ 1,500, ಅದರ ಮೇಲೆ ತೆರಿಗೆ 75, ಒಟ್ಟು 1,575. 26 ಕಿಲೋಗೆ 1,560, ತೆರಿಗೆ ಸೊನ್ನೆ. ಅಂದರೆ ಒಂದು ಕಿಲೋ ಅಕ್ಕಿ ಹೆಚ್ಚು, ದುಡ್ಡು ಹದಿನೈದು ರೂಪಾಯಿ ಕಡಿಮೆ! ತರಗತಿಯಲ್ಲಿ ಇದನ್ನು ಬೋರ್ಡ್ ಮೇಲೆ ಬರೆದಾಗ ಹಿಂದಿನ ಬೆಂಚಿನವರೂ ತಲೆಯೆತ್ತಿ ನೋಡಿದರು.

ಕಾರುಗಳ ಕಥೆಯೂ ಹೀಗೆಯೇ. 2006ರ ಬಜೆಟ್ಟಿನಲ್ಲಿ ಸಣ್ಣ ಕಾರಿಗೆ ಸುಂಕ ಇಳಿಸಿದರು. ಯಾವುದು ಸಣ್ಣದು ಎಂದು ಹೇಳಲು ಒಂದು ಅಳತೆ ಬೇಕಲ್ಲ, ಅದಕ್ಕೆ ನಾಲ್ಕು ಮೀಟರ್ ಎಂದರು. ಆಮೇಲೆ ನಮ್ಮ ರಸ್ತೆಗಳಲ್ಲಿ ಹಿಂಭಾಗ ಕತ್ತರಿಸಿದಂತೆ ಕಾಣುವ ಕಾರುಗಳು ಬಂದವು. 2012ರ ಮಾರುತಿ ಡಿಜೈರ್ ಉದ್ದ 3,995 ಮಿ.ಮೀ. ಗೆರೆಗೆ ಐದು ಮಿ.ಮೀ. ಉಳಿಸಿಕೊಂಡು ನಿಂತಿದೆ.

ಕಾನೂನು ಒಂದು ಅಳತೆ ಹೇಳುತ್ತದೆ, ವಸ್ತು ಆ ಅಳತೆಗೆ ತಕ್ಕಂತೆ ಮೈ ಬದಲಾಯಿಸಿಕೊಳ್ಳುತ್ತದೆ. ಸೆಮಿನಾರ್ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಅದರ ಹಿಂದಿನ ಭಾನುವಾರ ಭದ್ರಾವತಿಗೆ ಹೋದೆ.

ಅಲ್ಲಿ ನನ್ನ ನಾನಾ, ಅಂದರೆ ಅಮ್ಮಿಯ ತಂದೆ, ಇದ್ದಾರೆ. ಈಗ 72 ವರ್ಷ. ವಿಐಎಸ್‌ಎಲ್ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಊರಾಚೆ ಕಾಡಿನ ಅಂಚಿಗೆ ಸ್ವಲ್ಪ ಅಡಿಕೆ, ಸ್ವಲ್ಪ ಗದ್ದೆ. ಈಗ ಅದನ್ನು ನೋಡಿಕೊಳ್ಳುವವರು ಮಾಮೂ. ನನ್ನ ಅಕ್ಕಿ ಚೀಲದ ಕಥೆ ಕೇಳಿ ನಾನಾ ನಕ್ಕರು. “ನಿನ್ನ ಚೀಲಕ್ಕಿಂತ ಹಳೆಯ ಉದಾಹರಣೆ ಈ ಮನೆಯಲ್ಲೇ ಇದೆ” ಎಂದು ಕೋಣೆಯ ಬೀಗ ತೆಗೆದರು. (ನಮ್ಮ ಮನೆಮಾತು ಉರ್ದು. ಅವರು ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.)

ಒಳಗಿದ್ದದ್ದು ಕೇಪಿನ ಕೋವಿ. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಪೇಟೆಯಲ್ಲಿ ಬೆಳೆದ ನನ್ನಂಥವರಿಗೆ ಬೇಕು. ಇದಕ್ಕೆ ತೋಟೆ ಇಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ನಾರು ತುರುಕಿ, ಚರೆ ಹಾಕಿ ಗಜದಿಂದ ಜಡಿಯಬೇಕು. ಹಿಂದೆ ಕೇಪು ಇಟ್ಟು ಕುದುರೆ ಎಳೆದರೆ ಒಂದು ಈಡು. ಇನ್ನೊಂದು ಈಡಿಗೆ ಇದೆಲ್ಲ ಮೊದಲಿನಿಂದ. ಅಷ್ಟರಲ್ಲಿ ಹಂದಿ ಪಕ್ಕದ ಊರು ಸೇರಿರುತ್ತದೆ ಎಂದು ಮಾಮೂ ತಮಾಷೆ ಮಾಡುತ್ತಾರೆ.

ಜಗತ್ತಿನ ಸೇನೆಗಳು ಇಂಥ ಬಂದೂಕನ್ನು ಬಿಟ್ಟು ನೂರೈವತ್ತು ವರ್ಷವಾಯಿತು. ಹಾಗಿದ್ದರೂ ನಮ್ಮ ಜಿಲ್ಲೆಯ ಹಳ್ಳಿಮನೆಗಳಲ್ಲಿ ಅದು ಇನ್ನೂ ಯಾಕಿದೆ? ಬಡತನ, ಹಳೇ ಕಾಲದ ಅಭ್ಯಾಸ ಎಂದು ನಾನು ಅಂದುಕೊಂಡಿದ್ದೆ. ನಿಜವಾದ ಉತ್ತರ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿದೆ. ಅದರ 13ನೇ ಕಲಂ ಯಾರಿಗೆ ಎಂಥ ಬಂದೂಕಿನ ಪರವಾನಗಿ ಕೊಡಬೇಕು ಎನ್ನುತ್ತದೆ. ಆತ್ಮರಕ್ಷಣೆಗೋ ಕ್ರೀಡೆಗೋ ಆದರೆ ನಳಿಗೆ ಕನಿಷ್ಠ 20 ಇಂಚು ಉದ್ದವಿರುವ, ಒಳಗೆ ಸುರುಳಿ ಗೀರುಗಳಿಲ್ಲದ ನುಣುಪು ನಳಿಗೆಯ ಬಂದೂಕು. ನಿಜವಾಗಿ ಬೆಳೆ ರಕ್ಷಣೆಗೆ ಬೇಕಾದರೆ ಬಾಯಿಂದ ಮದ್ದು ತುಂಬುವ ಕೋವಿ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ರೈತನಿಗೆ ಬೇರೆ ನುಣುಪು ನಳಿಗೆಯ ಬಂದೂಕು.

ಅಂದರೆ ಕೇಪಿನ ಕೋವಿ ಉಳಿದುಕೊಂಡಿರುವುದು ಕಾನೂನಿನಲ್ಲಿ ಅದಕ್ಕೆ ಹೆಸರಿಟ್ಟು ಒಂದು ಸ್ಥಾನ ಕೊಟ್ಟಿರುವುದರಿಂದಲೂ ಹೌದು. ಅದರ ನಿಧಾನವೇ ಅದರ ಅರ್ಹತೆ. ಹಂದಿಯನ್ನು ಬೆದರಿಸಲು ಒಂದು ಈಡು ಸಾಕು, ಒಂದು ಈಡಿನ ಕೋವಿ ಹಿಡಿದು ಯಾರೂ ದಂಗೆ ಏಳಲಾರರು. 20 ಇಂಚಿನ ನಳಿಗೆಯದ್ದೂ ಇಂಥದೇ ತರ್ಕ. ಅಷ್ಟುದ್ದದ್ದನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಸಂತೆಗೆ ಹೋಗಲಾಗದು.

ಪರವಾನಗಿ ಎಂದರೆ ಬೇಟೆಯ ಪರವಾನಗಿ ಅಲ್ಲ ಎಂಬುದನ್ನು ನಾನಾ ಎರಡು ಸಲ ಹೇಳಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇರೆಯೇ ಇದೆ. ಅವರು ಚರೆಯನ್ನೇ ಹಾಕುವುದಿಲ್ಲ. ಬರೀ ಮದ್ದು, ಬರೀ ಸದ್ದು. ಕಬ್ಬಿಣದ ಪೆಟ್ಟಿಗೆಯೊಂದರಲ್ಲಿ ಪರವಾನಗಿ ಪುಸ್ತಕ, ನವೀಕರಣದ ಚಲನ್‌ಗಳು, ಪ್ರತಿ ಚುನಾವಣೆಗೂ ಕೋವಿಯನ್ನು ಠಾಣೆಯಲ್ಲಿ ಒಪ್ಪಿಸಿ ತಂದ ರಸೀದಿಗಳು, ಎಲ್ಲವೂ ವರ್ಷದ ಕ್ರಮದಲ್ಲಿವೆ. ನಮ್ಮ ಅಕೌಂಟೆನ್ಸಿ ಸರ್ ನೋಡಿದ್ದರೆ ವೋಚರ್ ಫೈಲ್ ಹೀಗಿರಬೇಕು ಎನ್ನುತ್ತಿದ್ದರು.

ಪದಗಳ ಬಗ್ಗೆ ಒಂದು ಮಾತು. ಬಂದೂಕು, ಪರವಾನಗಿ ಇವೆರಡೂ ಉರ್ದುವಿನಲ್ಲೂ ಇವೆ, ಕನ್ನಡದಲ್ಲೂ ಇವೆ. ಹಾಗಾಗಿ ಸೆಮಿನಾರ್ ತಯಾರಿ ನನಗೆ ಸುಲಭವಾಯಿತು. ಬಂದೂಕಿನ ಮೂಲ ಅರಬ್ಬಿ, ಅಲ್ಲಿ ‘ಬುಂದುಕ್’ ಎಂದರೆ ಒಂದು ಬಗೆಯ ಸಣ್ಣ ಕಾಯಿ, ಮತ್ತೆ ಗುಂಡು. ಕೋವಿ ಮಾತ್ರ ಕನ್ನಡದ್ದು, ಅದರ ಹಳೆಯ ಅರ್ಥ ಕೊಳವೆ. ಈ ಕೊಳವೆಯ ಅರ್ಥವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಸೋಮವಾರ ಲೈಬ್ರರಿಯಲ್ಲಿ ಕುಳಿತು ಹುಡುಕಿದಾಗ ತಿಳಿಯಿತು, ಭಾರತದ ಕಾನೂನಿಗಾಗಿಯೇ ಅಳತೆ ಬದಲಿಸಿಕೊಂಡ ಬಂದೂಕುಗಳ ದೊಡ್ಡ ಸಾಲೇ ಇದೆ. 1857ರ ನಂತರ ಬ್ರಿಟಿಷರಿಗೆ ಇಲ್ಲಿ ಯಾರ ಕೈಯಲ್ಲಿ ಏನಿದೆ ಎಂಬ ಭಯ ಹೋಗಲಿಲ್ಲ. ವೈಸರಾಯ್ ಲಿಟ್ಟನ್ ಕಾಲದಲ್ಲಿ, 1878ರಲ್ಲಿ, ಶಸ್ತ್ರಾಸ್ತ್ರ ಕಾಯ್ದೆ ಬಂತು. ನಾವು ಇತಿಹಾಸದಲ್ಲಿ ಓದಿದ್ದು ಅಷ್ಟೇ. ಆದರೆ ಅವರ ಭಯ ಭಾರತೀಯರ ಕೋವಿಗೆ ಮಾತ್ರ ಸೀಮಿತವಾಗಿರಲಿಲ್ಲ. ಆಗ ಸೇನೆಯಲ್ಲಿದ್ದ ಹಳೆಯ ಮಾರ್ಟಿನಿ ಹೆನ್ರಿ ಬಂದೂಕಿನ ಗುಂಡಿನ ವ್ಯಾಸ .450 ಇಂಚು. ದೊಡ್ಡ ಬೇಟೆಗೆ ಬರುತ್ತಿದ್ದ ಇಂಗ್ಲಿಷ್ ಸಾಹೇಬರ ರೈಫಲ್‌ಗಳದ್ದೂ ಅದೇ ವ್ಯಾಸ. ಬೇಟೆಯ ಹೆಸರಿನಲ್ಲಿ ಬಂದ ಗುಂಡು ದಂಗೆಕೋರರ ಕೈ ಸೇರಿದರೆ? 1907ರಲ್ಲಿ ಭಾರತ ಮತ್ತು ಸೂಡಾನ್‌ಗೆ .450 ವ್ಯಾಸದ್ದನ್ನು ತರುವುದನ್ನು ನಿಷೇಧಿಸಿದರು. ಇಂಗ್ಲೆಂಡಿನ ಬಂದೂಕು ತಯಾರಕರು ಅತ್ತು ಕೂರಲಿಲ್ಲ. .465, .470, .475 ಎಂದು ಹೊಸ ವ್ಯಾಸಗಳನ್ನು ತಂದರು. .450ಕ್ಕೂ .470ಕ್ಕೂ ಅಂತರ ಅರ್ಧ ಮಿ.ಮೀ. ಆನೆ ಬೇಟೆಯ ಪ್ರಸಿದ್ಧ ರೈಫಲ್‌ಗಳೆಂದು ಇಂದಿಗೂ ಹೊಗಳುವ .470 ಹುಟ್ಟಿದ್ದು ಹೀಗೆ, ನಮ್ಮ 26 ಕೆ.ಜಿ. ಚೀಲ ಹುಟ್ಟಿದ ಹಾಗೆಯೇ.

ಇನ್ನೊಂದು ಉದಾಹರಣೆ ಈಗಲೂ ಮಾರಾಟದಲ್ಲಿದೆ. ಸೇನೆಯ ರೈಫಲ್ ಎಂದರೆ ಬಹಳ ಕಾಲ .303. ಪೊಲೀಸರ ಭುಜದಲ್ಲಿ ಅದನ್ನು ಎಲ್ಲರೂ ನೋಡಿದ್ದೇವೆ. ವ್ಯಾಸ ಸುಮಾರು 7.7 ಮಿ.ಮೀ. ನಮ್ಮ ಕಾಯ್ದೆಯಲ್ಲಿ .303, 7.62 ಮಿ.ಮೀ., 9 ಮಿ.ಮೀ. ಮುಂತಾದ ಸೇನೆಯ ತೋಟೆ ಹಿಡಿಸುವ ಬಂದೂಕುಗಳು ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ಗೋದಾಮಿನಿಂದ ತೋಟೆ ಕದ್ದರೂ ಅದು ಹೊರಗಿನ ಬಂದೂಕಿಗೆ ಸೇರಬಾರದು ಎಂಬುದು ಲೆಕ್ಕ. ಹಾಗಾದರೆ ಪರವಾನಗಿ ಪಡೆದವನು ಯಾವ ರೈಫಲ್ ಕೊಳ್ಳಬೇಕು? ಪಶ್ಚಿಮ ಬಂಗಾಳದ ಇಶಾಪುರದ ಸರ್ಕಾರಿ ರೈಫಲ್ ಕಾರ್ಖಾನೆ ಅದಕ್ಕೆ ಉತ್ತರ ಕೊಟ್ಟಿತು: .315. ನೋಡಲು ಹಳೆಯ .303ರ ತಮ್ಮನಂತೆ, ಅದೇ ರೀತಿಯ ಬೋಲ್ಟ್. ವ್ಯಾಸ ಮಾತ್ರ 8 ಮಿ.ಮೀ. ಎರಡರ ನಡುವಿನ ಅಂತರ 0.3 ಮಿ.ಮೀ. ಅಂದರೆ ನಮ್ಮ ನೋಟ್‌ಬುಕ್ಕಿನ ಮೂರು ನಾಲ್ಕು ಹಾಳೆಗಳ ದಪ್ಪ. (ಭದ್ರಾವತಿಯವರ ಮೊಮ್ಮಗಳು, ಕಾಗದದ ಲೆಕ್ಕದಲ್ಲೇ ಹೇಳಬೇಕು.) ಮೂರು ಹಾಳೆ ದಪ್ಪ ಹೆಚ್ಚಾದ ಮಾತ್ರಕ್ಕೆ .315ರ ಗುಂಡು ಮೆತ್ತಗೇನೂ ಆಗಲಿಲ್ಲ. ಬೇರೆಯಾಗಿದ್ದು ತೋಟೆ ಯಾರದ್ದು ಎಂಬುದಷ್ಟೇ.

ಪಿಸ್ತೂಲು ರಿವಾಲ್ವರ್‌ಗಳಲ್ಲೂ ಇದೇ. ಕಾನ್ಪುರದ ಸರ್ಕಾರಿ ಕಾರ್ಖಾನೆಯ ರಿವಾಲ್ವರ್ .32 ವ್ಯಾಸದ್ದು, ಕಾರಣ ಅದೇ ನಿಷೇಧದ ಪಟ್ಟಿ. 2014ರಲ್ಲಿ ಅದೇ ಕಾರ್ಖಾನೆ ‘ನಿರ್ಭೀಕ್’ ಎಂಬ ಅರ್ಧ ಕಿಲೋ ತೂಕದ ರಿವಾಲ್ವರ್ ತಂದು ಮಹಿಳೆಯರ ರಕ್ಷಣೆಗೆ ಎಂದು ಪ್ರಚಾರ ಮಾಡಿತು. ಬೆಲೆ 1.22 ಲಕ್ಷ ರೂಪಾಯಿ. ಮಾರ್ಕೆಟಿಂಗ್ ಪಾಠಕ್ಕೆ ಒಳ್ಳೆಯ ಉದಾಹರಣೆ. ಅಷ್ಟು ದುಡ್ಡಿರುವ ಮಹಿಳೆಗೆ ಬಸ್ಸಿನಲ್ಲಿ ರಾತ್ರಿ ಓಡಾಡುವ ಪ್ರಸಂಗ ಎಷ್ಟು ಬರುತ್ತದೆ ಎಂದು ನಮ್ಮ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು. ನನಗೆ ಉತ್ತರ ಇರಲಿಲ್ಲ.

ಏರ್‌ಗನ್‌ನದ್ದು ಬೇರೆ ಥರದ ಗೆರೆ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಗಾಳಿಯ ಒತ್ತಡದ ಬಂದೂಕಿಗೆ 20 ಜೂಲ್ ಶಕ್ತಿ, 4.5 ಮಿ.ಮೀ. ವ್ಯಾಸ ಎಂಬ ಮಿತಿ ಇದೆ. ಅದನ್ನು ದಾಟಿದರೆ ಪರವಾನಗಿ ಬೇಕು. ಹಾಗಾಗಿ ಅಂಗಡಿಯಲ್ಲಿ ಸುಲಭವಾಗಿ ಸಿಗುವವೆಲ್ಲ 4.5 ಮಿ.ಮೀ. ಇಲ್ಲಿ ಕಾನೂನು ಕೇಳುತ್ತಿರುವುದು ಗುಂಡು ಯಾರದ್ದು ಎಂದಲ್ಲ, ಎಷ್ಟು ಜೋರಾಗಿ ಬಡಿಯುತ್ತದೆ ಎಂದು.

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 2013ರಲ್ಲಿ ಇನ್ನೂ ವಿಚಿತ್ರ ಗೆರೆ ಎಳೆದರು. ಬೇಗ ಬೇಗ ಗುಂಡು ಹಾರಿಸುವ, ಮ್ಯಾಗಜೀನ್ ಕಳಚಬಹುದಾದ ರೈಫಲ್‌ಗೆ ಪಿಸ್ತೂಲಿನಂಥ ಹಿಡಿ ಮುಂತಾದ ಪಟ್ಟಿಯ ಲಕ್ಷಣಗಳಲ್ಲಿ ಒಂದಿದ್ದರೂ ಅದು ನಿಷಿದ್ಧ. ತಯಾರಕರು ಆ ಹಿಡಿಯನ್ನು ತೆಗೆದು, ಹಳೆಯ ಬೇಟೆ ಬಂದೂಕಿನಂಥ ಮರದ ಹಿಂಬದಿ ಜೋಡಿಸಿದರು. ಒಳಗಿನ ಯಂತ್ರ ಅದೇ, ಗುಂಡು ಅದೇ, ವೇಗ ಅದೇ. ಹುಲಿಯ ಪಟ್ಟೆ ಅಳಿಸಿ ಹಸು ಎಂದ ಹಾಗೆ.

ನಮ್ಮ ಕೊಡಗಿನಲ್ಲಿ ಗೆರೆ ಬಂದೂಕಿನ ಮೇಲಲ್ಲ, ಜನರ ಮೇಲೆ. 1861ರಿಂದ ಕೊಡವರಿಗೆ ಪರವಾನಗಿಯಿಂದ ವಿನಾಯಿತಿ ಇದೆ, ಜಮ್ಮಾ ಹಿಡುವಳಿದಾರರಿಗೂ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಅವರು ಕೋವಿಗೆ ಪೂಜೆ ಮಾಡುತ್ತಾರೆ. ಅದರ ಬಗ್ಗೆ ಬರೆಯಲು ಕೊಡಗಿನವರೇ ಬೇಕು, ನಾನು ಮುಂದೆ ಹೋಗುತ್ತೇನೆ.

ಇಷ್ಟು ವಿಷಯ ಸಂಗ್ರಹಿಸುವಾಗ ಅಮ್ಮಿಗೆ ಒಂದೇ ಚಿಂತೆ. “ಓದೋದಕ್ಕೆ ಬೇರೆ ವಿಷಯ ಸಿಗಲಿಲ್ವಾ? ಹುಡುಗಿ ನೋಟ್‌ಬುಕ್ ತುಂಬಾ ಬಂದೂಕು ಅಂದರೆ ನೋಡಿದವರು ಏನು ಅಂದುಕೊಳ್ತಾರೆ?” ಕಾಯ್ದೆಯ ಪ್ರಕಾರ 21 ತುಂಬುವವರೆಗೆ ನನಗೆ ಕೋವಿ ಇಟ್ಟುಕೊಳ್ಳಲು ಅವಕಾಶವೇ ಇಲ್ಲ, ನನಗೆ 17, ಓದಲು ಮಾತ್ರ ಅವಕಾಶ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ಅವರ ಭಯ ಸುಮ್ಮನೆಯದ್ದಲ್ಲ ಎಂದು ನನಗೂ ಗೊತ್ತು. ಅದಕ್ಕೇ ನೋಟ್‌ಬುಕ್ಕಿನ ಮೇಲೆ ದೊಡ್ಡದಾಗಿ ‘ವ್ಯವಹಾರ ಅಧ್ಯಯನ’ ಎಂದು ಬರೆದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಸೆಮಿನಾರ್‌ನ ಕೊನೆಯ ಪುಟಕ್ಕೆ ನನಗೆ ಒಂದು ಹೊಸ ವಸ್ತು ಬೇಕಿತ್ತು. ಈ ಎರಡು ಮೂರು ವರ್ಷದಲ್ಲಿ ಮಂಗ ಓಡಿಸಲು ಪೈಪ್ ಗನ್ ಎಂದು ಮಾರಾಟಕ್ಕೆ ಬಂದಿರುವುದನ್ನು ನೀವು ನೋಡಿರಬಹುದು. ಪ್ಲಾಸ್ಟಿಕ್ ಪೈಪ್, ಒಳಗೆ ಕ್ಯಾಲ್ಸಿಯಂ ಕಾರ್ಬೈಡ್. ಮಾವಿನಹಣ್ಣು ಹಣ್ಣಾಗಿಸಲು ಬಳಸಬಾರದು ಎಂದು ಪ್ರತಿ ಬೇಸಿಗೆಯಲ್ಲಿ ಪತ್ರಿಕೆಗಳಲ್ಲಿ ಬರುತ್ತದಲ್ಲ, ಅದೇ ಕಾರ್ಬೈಡ್. ನೀರು ತಾಗಿದರೆ ಅಸಿಟಿಲೀನ್ ಅನಿಲ ಬರುತ್ತದೆ, ಕಿಡಿ ತಾಗಿದರೆ ಭಾರಿ ಸದ್ದು. ಚರೆ ಇಲ್ಲ, ಗುಂಡು ಇಲ್ಲ. ಬೆಲೆ ಕೆಲವು ನೂರು ರೂಪಾಯಿ. ಮಾರುವವರು ಕೂಗುವುದು ಒಂದೇ ಮಾತು: ಲೈಸೆನ್ಸ್ ಬೇಡ!

ನಾನು ಕಾಯ್ದೆಯಲ್ಲಿ ಬಂದೂಕಿನ ವ್ಯಾಖ್ಯೆ ಹುಡುಕಿದೆ. ಸ್ಫೋಟಕದಿಂದಾಗಲಿ ಬೇರೆ ಶಕ್ತಿಯಿಂದಾಗಲಿ ಗುಂಡಿನಂಥ ಒಂದು ವಸ್ತುವನ್ನು ಹಾರಿಸಲು ಮಾಡಿದ ಆಯುಧ ಎಂಬುದು ಅದರ ಸಾರ. ಪೈಪಿನಿಂದ ಏನೂ ಹಾರುವುದಿಲ್ಲ, ಸದ್ದು ಮಾತ್ರ ಬರುತ್ತದೆ. ನಾನಾ ಅವರ ಕೋವಿ ಮಾಡುವ ಕೆಲಸವನ್ನೇ, ಅಂದರೆ ಬರೀ ಸದ್ದಿನ ಕೆಲಸವನ್ನೇ, ಈ ಕೊಳವೆ ಗೆರೆಯ ಹೊರಗೆ ನಿಂತು ಮಾಡುತ್ತದೆ. ಎಷ್ಟು ಚೆಂದದ ಉದಾಹರಣೆ! ನನ್ನ ಕೊನೆಯ ಪುಟದಲ್ಲಿ ಹೀಗೆ ಬರೆದೆ: ಕಾನೂನಿನ ಮಿತಿಯೊಳಗೆ ರೈತರಿಗೆ ಅಗ್ಗದ, ಸುರಕ್ಷಿತ ಪರ್ಯಾಯ. ಚಪ್ಪಾಳೆ ಬಿತ್ತು. ಅಂದೇ ಸಂಜೆ ಮಾಮೂಗೆ ಫೋನ್ ಮಾಡಿ ಇದನ್ನೇ ಹೇಳಿದೆ. ಅವರು ಆ ಪೈಪನ್ನು ಕೊಳ್ಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದರು. “ನಮ್ಮ ಹುಡುಗಿ ಕಾಯ್ದೆ ಓದಿದ್ದಾಳೆ” ಎಂದು ಮುಂದಿನ ಸಂತೆಯಲ್ಲಿ ತಂದರು.

ಸೆಪ್ಟೆಂಬರ್‌ನಲ್ಲಿ ಒಂದು ದಿನ ಮಂಗಗಳ ಹಿಂಡು ಬಾಳೆಗೆ ಇಳಿದಿತ್ತು. ಮಾಮೂ ಮನೆಯಲ್ಲಿರಲಿಲ್ಲ. ಅವರ ಮಗ, ಹದಿಮೂರು ವರ್ಷದವನು, ಪೈಪ್ ತೆಗೆದುಕೊಂಡು ಓಡಿದ. ಅವನು ಅದನ್ನು ಹಾರಿಸುವುದನ್ನು ಮೊದಲೂ ಎಲ್ಲರೂ ನೋಡಿದ್ದರು, ಯಾರೂ ತಡೆದಿರಲಿಲ್ಲ. ಲೈಸೆನ್ಸ್ ಬೇಡದ್ದು ಅಲ್ಲವೇ. ಆ ದಿನ ಎರಡು ಸಲ ಕಿಡಿ ಕೊಟ್ಟರೂ ಸದ್ದಾಗಲಿಲ್ಲ. ಒಳಗೆ ಏನಾಗಿದೆ ಎಂದು ಬಾಯಿಯಲ್ಲಿ ಕಣ್ಣಿಟ್ಟು ನೋಡಿದ. ಆಗ ಹೊತ್ತಿತು.

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಕರೆತಂದರು. ಕಾರ್ಬೈಡ್ ಬಿಸಿಯಿಂದ ಮಾತ್ರವಲ್ಲ, ಸುಣ್ಣದಂತೆ ರಾಸಾಯನಿಕವಾಗಿಯೂ ಸುಡುತ್ತದೆ ಎಂದು ಡಾಕ್ಟರ್ ವಿವರಿಸಿದರು. ಮೊದಲ ವಾರ ಎಡಗಣ್ಣು ಉಳಿಯುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಕಣ್ಣು ಉಳಿದಿದೆ. ದೃಷ್ಟಿ ಪೂರ್ತಿ ಬಂದಿಲ್ಲ, ಎಷ್ಟು ಬರುತ್ತದೆ ಎಂದು ಈಗಲೇ ಹೇಳಲಾಗದು ಎನ್ನುತ್ತಾರೆ. ನಾನು ನೋಡಲು ಹೋದಾಗ ಅವನು ಕೇಳಿದ್ದು, “ಆಪಾ, ಪೊಲೀಸ್ ಬರ್ತಾರಾ?” ಎಂದು. ಲೈಸೆನ್ಸ್ ಬೇಕಿಲ್ಲ ಎಂದು ನಾನು ಹೇಳಿದ್ದು ಅವನಿಗೂ ತಿಳಿದಿತ್ತು, ಆದರೂ ಕೇಳಿದ.

ಅಕ್ಟೋಬರ್‌ನಲ್ಲಿ, 2025ರ ದೀಪಾವಳಿಗೆ, ಮಧ್ಯಪ್ರದೇಶದ ಭೋಪಾಲ್ ಮತ್ತಿತರ ಊರುಗಳ ಸುದ್ದಿ ಬಂತು. ಇದೇ ಕಾರ್ಬೈಡ್ ಗನ್‌ನಿಂದ ನೂರಕ್ಕೂ ಹೆಚ್ಚು ಜನರ ಕಣ್ಣಿಗೆ ಗಾಯ, ಹೆಚ್ಚಿನವರು ಮಕ್ಕಳು. ಕೆಲವರ ದೃಷ್ಟಿಯೇ ಹೋಯಿತು. ಆಮೇಲೆ ಅಲ್ಲಿನ ಆಡಳಿತ ಅದನ್ನು ನಿಷೇಧಿಸಿತು. ಪತ್ರಿಕೆಯಲ್ಲಿದ್ದ ಮಕ್ಕಳ ವಿವರ ಓದುವಾಗ ನನಗೆ ಹೊಸದೇನೂ ಅನಿಸಲಿಲ್ಲ: ಸದ್ದಾಗಲಿಲ್ಲ, ಒಳಗೆ ನೋಡಿದರು.

ನನ್ನ ಸೆಮಿನಾರ್ ಪ್ರತಿಯನ್ನು ಮತ್ತೆ ತೆಗೆದು ಓದಿದೆ. ಪರವಾನಗಿ ಬೇಡ ಎಂಬುದು ಪುಸ್ತಕದ ಮಾತು. ಸುರಕ್ಷಿತ ಎಂಬ ಪದ ಯಾವ ಕಲಂನಲ್ಲೂ ಇರಲಿಲ್ಲ, ಅದನ್ನು ಸೇರಿಸಿದ್ದು ನಾನು. ಪ್ರತಿ ಗೆರೆಯೂ ಒಂದೇ ಒಂದು ಪ್ರಶ್ನೆ ಕೇಳುತ್ತದೆ ಎಂದು ಆಗ ನನಗೆ ಹೊಳೆದಿರಲಿಲ್ಲ. .450 ಕೇಳಿದ್ದು, ಈ ಗುಂಡು ದಂಗೆಕೋರನಿಗೆ ಉಪಯೋಗವಾಗುತ್ತದೆಯೇ? .315 ಉತ್ತರಿಸಿದ್ದು, ಸೇನೆಯ ತೋಟೆ ಇದಕ್ಕೆ ಸೇರುತ್ತದೆಯೇ ಎಂಬುದಕ್ಕೆ. 20 ಇಂಚು ಕೇಳುವುದು ಬಚ್ಚಿಡಬಹುದೇ ಎಂದು. 25 ಕೆ.ಜಿ. ಕೇಳುವುದು ತೆರಿಗೆ ಬರುತ್ತದೆಯೇ ಎಂದು. ಅಕ್ಕಿ ಚೆನ್ನಾಗಿದೆಯೇ ಎಂದು ಅದು ಕೇಳುವುದೇ ಇಲ್ಲ, ಹುಳು ಬಿದ್ದ 26 ಕಿಲೋಗೂ ತೆರಿಗೆ ಸೊನ್ನೆಯೇ. ಪೈಪಿಗೆ ಶಸ್ತ್ರಾಸ್ತ್ರ ಕಾಯ್ದೆ ಕೇಳಿದ್ದು, ಏನಾದರೂ ಹಾರುತ್ತದೆಯೇ ಎಂದು. ಇಲ್ಲ ಎಂಬ ಉತ್ತರ ಸರಿಯೇ. ಹಿಡಿದವನ ಕಣ್ಣಿಗೆ ಏನಾಗುತ್ತದೆ ಎಂಬ ಪ್ರಶ್ನೆ ಆ ವ್ಯಾಖ್ಯೆಯಲ್ಲಿ ಇರಲೇ ಇಲ್ಲ. ಕಾರ್ಬೈಡ್‌ಗೆ 1987ರ ಪ್ರತ್ಯೇಕ ನಿಯಮಗಳಿವೆ, ಅವನ್ನು ತೆರೆದೂ ನೋಡದೆ ನಾನು ಒಂದೇ ಕಾಯ್ದೆ ಓದಿ ತೀರ್ಪು ಕೊಟ್ಟಿದ್ದೆ.

ನಾನಾ ನನ್ನನ್ನು ಬೈಯಲಿಲ್ಲ. ಲ್ಯಾಬಿನ ಮಾತೊಂದನ್ನು ಹೇಳಿದರು. ಕಬ್ಬಿಣದಲ್ಲಿ ಇಂಗಾಲ ಸುಮಾರು ಶೇ. 2ರೊಳಗಿದ್ದರೆ ಉಕ್ಕು, ಮೇಲಿದ್ದರೆ ಎರಕದ ಕಬ್ಬಿಣ, ಸುತ್ತಿಗೆಯಲ್ಲಿ ಹೊಡೆದರೆ ಒಡೆಯುತ್ತದೆ. ಆ ಗೆರೆಯನ್ನು ಯಾವ ಸರ್ಕಾರವೂ ಎಳೆದದ್ದಲ್ಲ. ಕಾರ್ಖಾನೆಯಲ್ಲಿ ಒಂದು ವಸ್ತು ಪರೀಕ್ಷೆಯಲ್ಲಿ ಪಾಸಾಯಿತು ಎಂದರೆ ಯಾವ ಪರೀಕ್ಷೆ ಎಂದು ಕೇಳದೆ ಅವರು ಸಹಿ ಹಾಕುತ್ತಿರಲಿಲ್ಲವಂತೆ. ಬಿರುಸಿನ ಪರೀಕ್ಷೆಯೋ, ಬಾಗುವ ಪರೀಕ್ಷೆಯೋ, ಒಂದರಲ್ಲಿ ಪಾಸಾದದ್ದು ಇನ್ನೊಂದರಲ್ಲಿ ಫೇಲಾಗುವುದು ದಿನಾ ನಡೆಯುತ್ತಿತ್ತು.

ಒಂದು ವಿಷಯ ಮಾತ್ರ ನನಗೆ ಇನ್ನೂ ಬಗೆಹರಿದಿಲ್ಲ. ಕೇಪಿನ ಕೋವಿ ಆ ಮನೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇದೆ. ಯಾರಿಗೂ ಒಂದು ಗೀರು ಆಗಿಲ್ಲ. ಅದು ಪೈಪಿಗಿಂತ ಅಪಾಯದ ವಸ್ತು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದಕ್ಕೆ ಬೀಗ ಇತ್ತು, ಪುಸ್ತಕ ಇತ್ತು, ರಸೀದಿ ಇತ್ತು, ಮಕ್ಕಳು ಆ ಕೋಣೆಗೆ ಕಾಲಿಡುವಂತಿರಲಿಲ್ಲ. ಪರವಾನಗಿಯ ಓಡಾಟವನ್ನು ನಾವೆಲ್ಲ ತಲೆನೋವು ಎಂದೇ ಬಗೆದಿದ್ದೆವು, ನಾನೂ ಸೆಮಿನಾರ್‌ನಲ್ಲಿ ಅದನ್ನು ‘ವೆಚ್ಚ’ ಎಂಬ ಕಾಲಂನಲ್ಲಿ ಹಾಕಿದ್ದೆ. ಪೈಪ್ ಅಟ್ಟದ ಕೆಳಗೆ ಕೊಡೆ, ಕತ್ತಿಗಳ ಜೊತೆ ಒರಗಿಕೊಂಡಿತ್ತು. ಹಾಗೆಂದು ಎಲ್ಲದಕ್ಕೂ ಪರವಾನಗಿ ಬೇಕು ಎಂದರೆ, ಬಾಳೆಗೊನೆ ಕಳೆದುಕೊಂಡ ಸಣ್ಣ ರೈತ ಡಿಸಿ ಕಚೇರಿಗೆ ಎಷ್ಟು ಸಲ ಅಲೆಯಬೇಕು? ಮಾಮೂ ಕೇಳುವ ಈ ಪ್ರಶ್ನೆಗೂ ಬೆಲೆ ಇದೆ. ಮಂಗಗಳು ಈಗಲೂ ಬರುತ್ತಿವೆ.

2016ರ ನಿಯಮಗಳ ಪ್ರಕಾರ ಪರವಾನಗಿದಾರರಿಗೆ 70 ವರ್ಷ ತುಂಬಿದರೆ ಅಥವಾ ಬಂದೂಕು 25 ವರ್ಷ ಅವರ ಬಳಿ ಇದ್ದರೆ ವಾರಸುದಾರರ ಹೆಸರಿಗೆ ವರ್ಗಾಯಿಸಲು ಕೇಳಿಕೊಳ್ಳಬಹುದು. ನಾನಾ ವಿಷಯದಲ್ಲಿ ಎರಡೂ ಆಗಿದೆ. ಮಾಮೂ ತಮಗೆ ಬೇಡ, ಒಪ್ಪಿಸಿಬಿಡೋಣ ಎನ್ನುತ್ತಾರೆ. ನಾನಾ ಇನ್ನೂ ಒಂದು ನವೀಕರಣ ಮಾಡಿಸೋಣ ಎನ್ನುತ್ತಾರೆ, 2019ರ ತಿದ್ದುಪಡಿಯಿಂದ ಪರವಾನಗಿ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ. ಅರ್ಜಿ ತುಂಬುವ ಕೆಲಸ ನನ್ನದು. ಕಾಯ್ದೆ ಓದಿದ್ದಾಳೆ ಎಂಬ ಹೆಸರು ಹೋಗಿಲ್ಲ.

ಪೈಪನ್ನು ಮಾಮೂ ಗುಜರಿಗೆ ಕೊಡಲಿಲ್ಲ, ಇನ್ಯಾರಾದರೂ ಮತ್ತೆ ಜೋಡಿಸಿಯಾರು ಎಂದು ಗರಗಸದಲ್ಲಿ ತುಂಡು ಮಾಡಿದರು. ತಮ್ಮನ ಮುಂದಿನ ಕಣ್ಣಿನ ತಪಾಸಣೆ ಜನವರಿಯಲ್ಲಿ. ನನ್ನ ಸೆಮಿನಾರ್ ಪ್ರತಿಯನ್ನು ಮೇಡಂ ಫೈಲಿನಲ್ಲಿ ಇಟ್ಟುಕೊಂಡಿದ್ದರು, ಮುಂದಿನ ವರ್ಷದವರು ನೋಟ್ಸ್ ಎಂದು ಅದನ್ನೇ ಬರೆದುಕೊಳ್ಳುತ್ತಾರೆ. ಹೋದ ವಾರ ಅದನ್ನು ಕೇಳಿ ಪಡೆದು, ಕೊನೆಯ ಪುಟದ ‘ಸುರಕ್ಷಿತ’ ಎಂಬ ಪದ ಹೊಡೆದುಹಾಕಿ, ಪಕ್ಕದಲ್ಲಿ ದಿನಾಂಕ ಹಾಕಿ ಸಹಿ ಮಾಡಿ ಕೊಟ್ಟಿದ್ದೇನೆ. ಹಳೆಯ ಪ್ರತಿಯ ಜೆರಾಕ್ಸ್ ಯಾರ ಬಳಿಯಾದರೂ ಇದ್ದರೆ ಅವರೂ ದಯವಿಟ್ಟು ತಿದ್ದಿಕೊಳ್ಳಿ.